ಎರಡು ಮನೆಗೆ ಒಂದೇ ಪಾರ್ಕಿಂಗ್

ಪಕ್ಕದ ಮನೆಯ ಅರುಂಧತಿಗೆ ಯಾಕೆ ಕೋಪ ಬಂದಿರಬಹುದು? ನಿನ್ನೆ ಧರಣೇಂದ್ರ ಅವಳೊಂದಿಗೆ ಆಡಿದ್ದು ಬಿಸಿಲಿನ ಬಗ್ಗೆ ಒಂದೇ ಮಾತು. ಆದರೂ ಅವನ ಕಾರು ಅವಳ ಕಾರಿನೊಳಗೆ ಸೇರದೆ ಹೊರಗೇ ನಿಂತಿತ್ತು. ಆ ಅಪಾರ್ಟ್‌ಮೆಂಟಿನಲ್ಲಿ ಎರಡು ಮನೆಗೆ ಒಂದೇ ಪಾರ್ಕಿಂಗ್. ಮಾಲೀಕರ ನಡುವೆ ಮುನಿಸಿಲ್ಲದಿದ್ದರೆ ಒಂದು ಕಾರು ಇನ್ನೊಂದರಲ್ಲಿ ಹಾಲಿಗೆ ನೀರು ಬೆರೆತಂತೆ ಸೇರಿಕೊಳ್ಳುತ್ತಿತ್ತು. ಇಂದೂ ಸೇರದಿದ್ದರೆ ಅಪಾರ್ಟ್‌ಮೆಂಟ್ ಸಂಘದವರು ಅವನಿಗೆ ಬೇರೆ ಮನೆಯವರನ್ನು ಜೋಡಿ ಮಾಡಲಿದ್ದರು.

"ನನ್ನಿಂದ ಏನ್ ತಪ್ಪಾಯ್ತ್ರೀ?" ಎಂದು ಅವಳನ್ನು ಕೇಳಿಯೇಬಿಟ್ಟ.

"ಹೋಳಿಗೆ ಡಬ್ಬ ಖಾಲಿ ವಾಪಸ್ ಕೊಡ್ತಾರೇನ್ರೀ? ಒಂದು ಚಮಚ ಸಕ್ಕರೆಗೂ ಬರವಾ ನಿಮ್ಮನೇಲಿ?"

ಅವನು ಓಡಿಹೋಗಿ ದೊಡ್ಡ ಬೆಲ್ಲದ ಅಚ್ಚನ್ನೇ ತಂದುಕೊಟ್ಟ.

"ಅಯ್ಯೋ, ಇಷ್ಟೊಂದಾ! ಇನ್ನೊಂದ್ಸಲ ಹೋಳಿಗೆ ಮಾಡ್ಸೋ ಉಪಾಯ ಇದು!" ಅವಳು ನಕ್ಕಳು. ಅವನ ಕಾರು ಮೆಲ್ಲಗೆ ಅವಳ ಕಾರಿನೊಳಗೆ ಜಾರಿತು.

ಸಂಘದವರು ಹೋದ ತಿಂಗಳೇ ಪ್ರತ್ಯೇಕ ಜಾಗ ಕೊಡಲು ಬಂದಾಗ ತಾನೇ ಬೇಡವೆಂದದ್ದನ್ನು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.