ಶಶಿಧರನ ಸೀಸೆ

ಪಾಸ್‌ವರ್ಡ್ ಹೊರಗೆ ಹೋಗಬಾರದೆಂದು ನಮ್ಮ ಅಗರಬತ್ತಿ ಕಂಪನಿಯಲ್ಲಿ ಸಂಜೆ ಎಲ್ಲರ ತಲೆಯಿಂದಲೂ ಆಫೀಸಿನ ನೆನಪು ತೆಗೆದು ಸೀಸೆಗೆ ತುಂಬುತ್ತಾರೆ. ಬೆಳಿಗ್ಗೆ ವಾಪಸ್ ಹಾಕುತ್ತಾರೆ. ಹನ್ನೆರಡು ವರ್ಷದಿಂದ ಆ ಕೆಲಸ ನನ್ನದು.

ಇವತ್ತು ಮಧ್ಯಾಹ್ನ ಮ್ಯಾನೇಜರ್ ಶಶಿಧರ ಎಲ್ಲರೆದುರು ನನ್ನನ್ನು ಕಳ್ಳಿ ಅಂದ. "ಪಾಸ್‌ವರ್ಡ್ ಮಾರಿದ್ದು ನೀನೇ, ಜಲಜಾಕ್ಷಿ. ಇವತ್ತಿನ ಪಾಳಿ ಮುಗಿಸಿ ತೊಲಗು."

ಸಂಜೆ ಅವನೂ ಶೂ ಬಿಚ್ಚಿಟ್ಟು ನನ್ನ ಕುರ್ಚಿಯಲ್ಲಿ ಕೂತ. ತೆಗೆದ ನೆನಪನ್ನು ನಾವು ನೋಡುವಂತಿಲ್ಲ. ಇವತ್ತು ನೋಡಿದೆ. ಎದುರಾಳಿ ಕಂಪನಿಗೆ ಅವನೇ ಫೋನಿನಲ್ಲಿ ಪಾಸ್‌ವರ್ಡ್ ಓದಿ ಹೇಳುತ್ತಿದ್ದ.

ಮುಂದಿನ ಸರದಿ ಯಜಮಾನರದು. ಅವರ ನೆನಪು ತೆಗೆಯಲಿಲ್ಲ. ಶಶಿಧರನದನ್ನೂ ಅವರ ತಲೆಗೆ ಸೇರಿಸಿ ಹಾಕಿದೆ.

ಯಜಮಾನರು ಕಣ್ಣು ಬಿಟ್ಟು ಮೆಲ್ಲಗೆ ಕೇಳಿದರು, "ಶಶಿಧರ ಹೋದನಾ?"

"ಇಲ್ಲ ಸಾರ್. ಶೂ ಹಾಕ್ಕೋತಾ ಇದಾನೆ."