ಹಾವು ಏಣಿಗೆ ಹೊಸ ನಿಯಮ

ಏಳನೇ ತರಗತಿಗೆ ವ್ಯಾಕರಣ ಅಂದರೆ ಆಕಳಿಕೆ. ಮಕ್ಕಳು ಒಮ್ಮೆಯಾದರೂ ನಗುತ್ತಾ ಸಂಧಿ ಕಲಿಯಲಿ ಎಂಬ ಆಸೆಯಿಂದ ಕನ್ನಡ ಟೀಚರ್ ಚಂದ್ರಪ್ರಭಾ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಹಾವು ಏಣಿ ಆಟ ಬರೆದು, ಸ್ಟಾಫ್ ರೂಮಿಗೆ ತಂದು ತೋರಿಸಿದರು. ಸಂಧಿ ಸರಿಯಾಗಿ ಬಿಡಿಸಿದರೆ ಏಣಿ, ತಪ್ಪಿದರೆ ಹಾವು.

"ಬಹಳ ಚೆನ್ನಾಗಿದೆ," ಎಂದರು ಹೆಡ್‌ಮಾಸ್ಟರು. "ಆದರೆ ದಾಳ ಉರುಳಿಸಿದರೆ ಸದ್ದಾಗುತ್ತೆ. ರೋಲ್ ನಂಬರ್ ಪ್ರಕಾರ ನಾವೇ ಕರೆಯೋಣ."

"ತಪ್ಪು ಮಾಡಿದವರು ಸುಮ್ಮನೆ ಕೆಳಗಿಳಿದರೆ ಬುದ್ಧಿ ಹೇಗೆ ಬರುತ್ತೆ?" ಎಂದರು ಗಣಿತದ ಕೆಂಚಪ್ಪ ಮೇಷ್ಟ್ರು. "ಸೂತ್ರ ಹತ್ತು ಸಲ ಬರೆಸಿ ಮೇಡಂ."

"ಗೆದ್ದವರಿಗೆ?" ಟೀಚರ್ ಆಸೆಯಿಂದ ಕೇಳಿದರು.

"ಅವರಿಗೆ ಇನ್ನೂ ಕಷ್ಟದ ಪ್ರಶ್ನೆ ಕೊಡೋಣ. ಬುದ್ಧಿವಂತರಲ್ವಾ!" ಎಂದರು ಮೇಷ್ಟ್ರು.

"ಮಕ್ಕಳು ನಗಬಹುದು ತಾನೇ ಸಾರ್?"

"ನಗಲಿ ಪಾಪ," ಎಂದರು ಹೆಡ್‌ಮಾಸ್ಟರು. "ಆಟ ಮುಗಿದ ಮೇಲೆ."

ಹಿರಿಯರ ಮಾತು ಮೀರಲಾಗದೆ ಟೀಚರ್ ಎಲ್ಲವನ್ನೂ ಸೇರಿಸಿಕೊಂಡರು.

ಮರುದಿನ ಏಳನೇ ತರಗತಿ ಕೈಕಟ್ಟಿ ಕುಳಿತು ಆಟ ಆಡಿತು. ಒಂದು ಪಿಸುಮಾತೂ ಇಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಡ್‌ಮಾಸ್ಟರಿಗೆ ಹೆಮ್ಮೆ ಉಕ್ಕಿ ಬಂತು.

"ನೋಡಿದ್ರಾ ಮೇಡಂ, ಆಟ ಅಂದ್ರೆ ಮಕ್ಕಳು ಹೇಗೆ ಮೈಮರೀತಾರೆ! ಇನ್ನು ದಿನಾ ಆಡಿಸಿ."

ಅದನ್ನು ಕೇಳಿದ್ದೇ ತಡ, ಮೊದಲ ಬೆಂಚಿನ ಹುಡುಗಿ ಎದ್ದು ನಿಂತಳು. ಅವಳ ಕಣ್ಣು ತುಂಬಿಕೊಂಡಿತ್ತು.

"ಇನ್ಮೇಲೆ ಯಾರೂ ಗಲಾಟೆ ಮಾಡಲ್ಲ ಮಿಸ್. ದಯವಿಟ್ಟು ಪಾಠಾನೇ ಮಾಡಿ."