ಎಲ್ಲಕ್ಕಿಂತ ಹೊಸದು

ತಿಪ್ಪೇರುದ್ರಮ್ಮ ಸ್ಟುಡಿಯೋದೊಳಗೆ ಬಂದವಳೇ ಕುರ್ಚಿ ಬಿಟ್ಟು ನೆಲಕ್ಕೆ ಕುಳಿತಳು. ಬಟ್ಟೆ ಒಗೆಯಲು ಹೋಗಿ ಹಿನ್ನೀರಿನ ಪಾಲಾದ ಮಗಳು ರೇಣುಕಾಳದ್ದೊಂದು ದೊಡ್ಡ ಫೋಟೊ ಬೇಕಿತ್ತು, ನಾಳೆ ತಿಥಿ. ಮನೆಯಲ್ಲಿದ್ದದ್ದು ಹುಡುಗಿ ಎರಡನೇ ಕ್ಲಾಸಿನಲ್ಲಿದ್ದಾಗಿನದು. ಅದಕ್ಕೆ ಹಾರ ಹಾಕಿದರೆ ನೋಡಿದವರು ಕೂಸು ಸತ್ತಿತೆಂದುಕೊಳ್ಳುತ್ತಾರೆ, ಬೆಳೆದು ನಿಂತವಳನ್ನು ಕಳಕೊಂಡದ್ದು ಯಾರಿಗೆ ತಿಳಿಯಬೇಕು? ಉಗಾದಿಗೆ ರೇಣುಕಾ ಹಸಿರು ಲಂಗ ಉಟ್ಟು ಇಲ್ಲೇ ಒಂದು ತೆಗೆಸಿದ್ದಳಂತೆ, ಒಯ್ಯಲು ಮಾತ್ರ ಬರಲೇ ಇಲ್ಲವಂತೆ.

"ಕಡೀಗೆ ತೆಗ್ಸಿದ್ದು ಐತಲ್ಲ ಯವ್ವಾ, ಅದಾ ಬೇಕು," ಎಂದಳು.

ಕಂಪ್ಯೂಟರಿನ ಮುಂದಿದ್ದ ವಾಣಿಶ್ರೀಗೆ ಅದು ಚಿಟಿಕೆ ಹೊಡೆಯುವಷ್ಟರ ಕೆಲಸ. ಮೊದಲು ಆ ಯಂತ್ರ ಹೆಸರು ಕೊಟ್ಟರೆ ಸಾಕು, ಗಿರಾಕಿ ತೆಗೆಸಿದ್ದನ್ನೆಲ್ಲ ಸಂತೆಯ ಬಳೆಗಾರನ ಹಾಗೆ ಹರವಿಕೊಂಡು ಕೂರುತ್ತಿತ್ತು. ಅವಳು ತಲೆ ಕೆಡಿಸಿಕೊಂಡು, ಒಬ್ಬೊಬ್ಬರ ಹೆಸರಿನಲ್ಲೂ ತಾರೀಖಿನ ಪ್ರಕಾರ ಎಲ್ಲಕ್ಕಿಂತ ಹೊಸದು ಯಾವುದೋ ಅದೊಂದೇ ಬರುವ ಹಾಗೆ ಮಾಡಿಟ್ಟಿದ್ದಳು. ಹಗರಿಬೊಮ್ಮನಹಳ್ಳಿಯಲ್ಲಿ ಇಂಥ ಅನುಕೂಲ ಇನ್ನೆಲ್ಲಿದೆ ತೋರಿಸಿ ಎಂದು ಮಾಲೀಕ ಪಾಲಾಕ್ಷಪ್ಪ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಈ ಹೊತ್ತು ಆತ ಕೊಟ್ಟೂರಿನ ಮದುವೆಯೊಂದಕ್ಕೆ ಕ್ಯಾಮೆರಾ ಹೊತ್ತು ಹೋಗಿದ್ದ.

ವಾಣಿಶ್ರೀ ಹೆಸರು ಒತ್ತಿದಳು: ರೇಣುಕಾ, ತಂದೆ ಯರ್ರೆಪ್ಪ, ತಂಬ್ರಹಳ್ಳಿ. ತಾಯಿ ಎದ್ದು ಬಂದು ಅವಳ ಹೆಗಲ ಹಿಂದೆ ನಿಂತಳು. ಚಿತ್ರ ಮೇಲಿನಿಂದ ಕೆಳಕ್ಕೆ ಇಷ್ಟಿಷ್ಟೇ ಇಳಿಯತೊಡಗಿತು. ಮೊದಲು ಒದ್ದೆ ಮರಳು. ಆಮೇಲೆ ಒಬ್ಬ ಪೊಲೀಸಿನವನ ಬೂಟು. ಆಮೇಲೆ ರೇಣುಕಾ.

ವಾಣಿಶ್ರೀಗೆ ಆಗ ಹೊಳೆಯಿತು. ಹಂಪಸಾಗರದ ಹತ್ತಿರ ಹೆಣ ಸಿಕ್ಕಾಗ ಫೋಟೊ ತೆಗೆಯಲು ಪೊಲೀಸರು ಕರೆಸಿದ್ದು ಪಾಲಾಕ್ಷಪ್ಪನನ್ನೇ. ಆತ ಅದನ್ನೂ ತಂದು ಇದೇ ಕಂಪ್ಯೂಟರಿಗೆ, ಅದೇ ಹೆಸರಿನಡಿ, ಒಪ್ಪವಾಗಿ ಸೇರಿಸಿಬಿಟ್ಟಿದ್ದ. ಹೊಸದನ್ನು ತೋರಿಸು ಎಂದಷ್ಟೇ ಅವಳು ಯಂತ್ರಕ್ಕೆ ಕಲಿಸಿದ್ದು, ಅದು ತೋರಿಸಿತು. ಬೆಪ್ಪು ಯಂತ್ರ, ಕಲಿಸಿದ ತಾನು ಅದಕ್ಕಿಂತ ಬೆಪ್ಪು ಅನಿಸಿ ಅವಳಿಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು.

ಗಡಿಬಿಡಿಯಲ್ಲಿ ಮುಚ್ಚಲು ಹೋದಳು. ತಿಪ್ಪೇರುದ್ರಮ್ಮ ಅವಳ ಕೈ ಹಿಡಿದುಕೊಂಡಳು.

"ಇರ್ಲಿ ಬಿಡವ್ವ. ನನಗ ಮುಖಾನ ನೋಡಗೊಡ್ಲಿಲ್ಲ ಅವ್ರು. ಬಟ್ಟಿ ಸುತ್ತಿ ತಂದ್ರು, ಸುತ್ತಿದಂಗಾ ಮಣ್ಣು ಮಾಡಿದ್ರು."

ಹಸಿರು ಲಂಗದ್ದು ಇದರ ಹಿಂದೆಯೇ ಇದೆ, ಈಗಲೇ ತೆಗೆದುಕೊಡುತ್ತೇನೆ ಎಂದು ವಾಣಿಶ್ರೀ ಏನೇನೋ ಹೇಳಿದಳು. ಆಕೆಯ ಕಿವಿಗೆ ಅದು ಬಿದ್ದಂತೆ ಕಾಣಲಿಲ್ಲ. ಗಾಜಿಗೆ ಮುಖ ತಾಗುವಷ್ಟು ಬಾಗಿ ನೋಡುತ್ತಲೇ ಇದ್ದಳು. ಹೊರಗೆ ಕೂಡ್ಲಿಗಿ ಬಸ್ಸು ಬಂದು, ಜನರನ್ನು ತುಂಬಿಕೊಂಡು ಹೋಯಿತು.

ಕೊನೆಗೆ ಆಕೆ ದನಿ ತಗ್ಗಿಸಿ ಕೇಳಿದಳು:

"ಕಂಪ್ಯೂಟರಿನಾಗ ಏನ್ ಬೇಕಾದ್ರೂ ಸರಿ ಮಾಡ್ತೀರಂತಲ್ಲ ಯವ್ವಾ? ನೋಡಿಲ್ಲಿ, ಕಣ್ಣಾಗ ಕೂದ್ಲು ಬಿದ್ದೈತಿ. ಒಂದೀಟು ಹಿಂದಕ ಸರಿಸವ್ವ."